ಪ್ರೊಸೆಸರ್ ಬದಲಿಸಬೇಕೋ, ಕಾಯಬೇಕೋ? ಮೊದಲು ಕ್ಯಾಬಿನೆಟ್ ತೆಗೆದು ನೋಡಿ

ಎಂಟೊಂಬತ್ತು ವರ್ಷದ ಹಿಂದೆ ಗೇಮ್ ಆಡೋಕೆ ಅಂತಲೇ ಡೆಸ್ಕ್‌ಟಾಪ್ ಕಟ್ಟಿಸಿಕೊಂಡವರು ಹಳ್ಳಿಗಳಲ್ಲೂ ಇದ್ದಾರೆ. ಯಾರೋ ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಂದೊಂದೇ ಪಾರ್ಟ್ ತಂದು ಜೋಡಿಸಿಕೊಂಡರು, ಇನ್ಯಾರೋ ಆಫೀಸಿನಿಂದ ಹೊರಬಿದ್ದ ಹಳೇ ಸಿಸ್ಟಮ್‌ಗೆ ಒಂದು ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸಿಕೊಂಡರು. ಆ ಯಂತ್ರಗಳಿಗೆ ಈಗ ವಯಸ್ಸಾಗಿದೆ. ಗೇಮ್ ನಡುವೆ ತಡವರಿಸುತ್ತವೆ. ಮಾಲೀಕರ ತಲೆಯಲ್ಲಿ ಒಂದೇ ಪ್ರಶ್ನೆ: ಈಗಲೇ ಹೊಸ ಪ್ರೊಸೆಸರ್ ಹಾಕಿಸೋದಾ, ಇಲ್ಲ ಇನ್ನೊಂದು ವರ್ಷ ಕಾಯೋದಾ?

ಈ ಪ್ರಶ್ನೆಗೆ ಯೂಟ್ಯೂಬ್‌ನಲ್ಲಿ ಸಿಗುವ ಉತ್ತರಗಳು ಹೆಚ್ಚಾಗಿ ಪಟ್ಟಣದ ಸಂಬಳದವರಿಗೆ ಹೇಳಿದ್ದು. ನಮ್ಮಲ್ಲಿ ದುಡ್ಡು ಬರೋದು ಅಡಿಕೆ ಮಾರಿದಾಗ, ರಾಗಿ ಹಾಕಿದಾಗ, ಡೇರಿ ಬಟವಾಡೆ ಆದಾಗ. ಅದೂ ಅಲ್ಲದೆ ಗೇಮ್ ಆಡುವ ಅದೇ ಕಂಪ್ಯೂಟರಿನಲ್ಲಿ ತಂಗಿಯ ಪ್ರಾಜೆಕ್ಟ್ ತಯಾರಾಗುತ್ತದೆ, ಮದುವೆ ವಿಡಿಯೋ ಎಡಿಟ್ ಆಗುತ್ತದೆ, ಊರವರ ಅರ್ಜಿ ತುಂಬುತ್ತದೆ. ಹಾಗಾಗಿ ಇದನ್ನು ಹುಡುಗಾಟಿಕೆಯ ಖರ್ಚು ಅಂತ ತಳ್ಳಿಹಾಕಲು ನಾನು ತಯಾರಿಲ್ಲ. ಆದರೆ ತಪ್ಪು ಪಾರ್ಟ್‌ಗೆ ದುಡ್ಡು ಹಾಕಿದರೆ ಮನೆಯಲ್ಲಿ ಮತ್ತೊಮ್ಮೆ ಕೇಳುವ ಬಾಯಿ ಇರೋದಿಲ್ಲ.

ನನ್ನ ಅಭಿಪ್ರಾಯ ನೇರವಾಗಿದೆ. ಈಗಿರುವ ಮದರ್‌ಬೋರ್ಡ್‌ನಲ್ಲೇ ಇನ್ನೂ ಒಳ್ಳೆಯ ಪ್ರೊಸೆಸರ್ ಕೂರುವುದಾದರೆ ಕಾಯಬೇಡಿ, ಹಾಕಿಸಿ. ಕೂರುವುದಿಲ್ಲ ಅಂದರೆ ಅವಸರ ಬೇಡ. ಎರಡಕ್ಕೂ ಮೊದಲು, ತೊಂದರೆ ನಿಜಕ್ಕೂ ಪ್ರೊಸೆಸರ್‌ದೇ ಹೌದಾ ಅಂತ ನೋಡಿ.

ತೊಂದರೆ ಯಾರದ್ದು?

ಪ್ರೊಸೆಸರ್ ಅಂದರೆ ಮನೆ ಕಟ್ಟುವ ಮೇಸ್ತ್ರಿ ಇದ್ದಂತೆ, ಗ್ರಾಫಿಕ್ಸ್ ಕಾರ್ಡ್ ಅಂದರೆ ಗಾರೆ ಕೆಲಸದ ಆಳುಗಳ ಗುಂಪು. ಮೇಸ್ತ್ರಿ ನಿಧಾನವಾದರೆ ಆಳುಗಳು ಸುಮ್ಮನೆ ಕೂರುತ್ತಾರೆ. ಆಳುಗಳು ಕಡಿಮೆ ಇದ್ದರೆ ಮೇಸ್ತ್ರಿ ಎಷ್ಟು ಚುರುಕಾಗಿದ್ದರೂ ಗೋಡೆ ಏಳೋದಿಲ್ಲ.

ಇದನ್ನು ತಿಳಿಯಲು ದುಡ್ಡು ಬೇಡ. ನೀವು ಆಡುವ ಗೇಮ್‌ನ ರೆಸಲ್ಯೂಷನ್ ಅನ್ನು 720ಪಿಗೆ ಇಳಿಸಿ, ಗ್ರಾಫಿಕ್ಸ್ ಸೆಟ್ಟಿಂಗ್ ಲೋ ಮಾಡಿ, ಎಫ್‌ಪಿಎಸ್ ಎಷ್ಟು ಅಂತ ನೋಡಿ. ದಿಢೀರನೆ ಜಾಸ್ತಿ ಆದರೆ ಕಟ್ಟಿಹಾಕಿದ್ದು ಗ್ರಾಫಿಕ್ಸ್ ಕಾರ್ಡ್. ಹೊಸ ಪ್ರೊಸೆಸರ್ ಹಾಕಿಸಿದರೆ ದುಡ್ಡು ದಂಡ. ಎಫ್‌ಪಿಎಸ್ ಅಲ್ಲೇ ನಿಂತರೆ ತೊಂದರೆ ಪ್ರೊಸೆಸರ್ ಕಡೆಗಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು 60 ಪರ್ಸೆಂಟ್ ಮಾತ್ರ ತೋರಿಸುತ್ತಿದೆ, ಹಾಗಾಗಿ ಪ್ರೊಸೆಸರ್ ಚೆನ್ನಾಗಿದೆ ಅಂದುಕೊಳ್ಳಬೇಡಿ. ಅದು ಎಲ್ಲಾ ಕೋರ್‌ಗಳ ಸರಾಸರಿ. ಒಂದೆರಡು ಕೋರ್ ಪೂರ್ತಿ ದಣಿದಿದ್ದರೂ ಸರಾಸರಿಯಲ್ಲಿ ಅದು ಕಾಣೋದಿಲ್ಲ.

ಪ್ರೊಸೆಸರ್ ಕಡೆಗೇ ಬೆರಳು ತೋರಿದರೂ ಅಂಗಡಿಗೆ ಓಡುವ ಮುಂಚೆ ಮೂರು ಕೆಲಸ ಮಾಡಿ. ಕ್ಯಾಬಿನೆಟ್ ತೆಗೆದು ಧೂಳು ಹೊಡೆಯಿರಿ. ಮಣ್ಣು ರಸ್ತೆ ಪಕ್ಕದ ಮನೆಗಳಲ್ಲಿ ಫ್ಯಾನ್ ಮೇಲೆ ಕಂಬಳಿಯಷ್ಟು ಧೂಳು ಕೂತಿರುತ್ತದೆ. ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ. ಬಿಸಿಯಾದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಬೇಸಿಗೆಯಲ್ಲಿ ಮಾತ್ರ ಗೇಮ್ ತಡವರಿಸಿದರೆ ಕಾರಣ ಬಹುಶಃ ಇದೇ. ಮೂರನೆಯದು, ರ‍್ಯಾಮ್ ಒಂದೇ ಕಡ್ಡಿ ಇದೆಯಾ ನೋಡಿ. ಒಂದರ ಬದಲು ಎರಡು ಕಡ್ಡಿ ಇದ್ದರೆ ಡ್ಯುಯಲ್ ಚಾನೆಲ್‌ನಲ್ಲಿ ಓಡುತ್ತದೆ, ಗೇಮ್‌ನಲ್ಲಿ ಅದರ ಫರಕು ಕಾಣುತ್ತದೆ. ಇನ್ನೂ ಹಾರ್ಡ್ ಡಿಸ್ಕ್‌ನಲ್ಲೇ ವಿಂಡೋಸ್ ಓಡುತ್ತಿದ್ದರೆ ಮೊದಲ ಖರ್ಚು ಎಸ್‌ಎಸ್‌ಡಿಗೆ ಇರಲಿ.

ಕಾಯುವುದಕ್ಕೂ ಬೆಲೆ ಇದೆ

‘ಕಾದರೆ ಕಂಪ್ಯೂಟರ್ ಸಾಮಾನು ಅಗ್ಗ ಆಗುತ್ತೆ’ ಅನ್ನೋದು ನಾವೆಲ್ಲ ಕೇಳಿ ಬೆಳೆದ ಮಾತು. ಬಹಳ ವರ್ಷ ಅದು ನಿಜವೂ ಆಗಿತ್ತು. 2025ರ ಕೊನೆಗೆ ಅದು ತಿರುಗಿತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿ ರ‍್ಯಾಮ್ ಬೆಲೆ ಮೇಲೇರಿತು. ಮೈಕ್ರಾನ್ ಕಂಪನಿಯಂತೂ ಸಾಮಾನ್ಯ ಗ್ರಾಹಕರಿಗೆ ಕ್ರೂಷಿಯಲ್ ಹೆಸರಿನಲ್ಲಿ ರ‍್ಯಾಮ್, ಎಸ್‌ಎಸ್‌ಡಿ ಮಾರುವ ವ್ಯಾಪಾರವನ್ನೇ ಬಿಡುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು.

ಇದರ ಅರ್ಥ ಏನು? ಹೊಸ ಕಾಲದ ಪ್ರೊಸೆಸರ್ ತಗೊಂಡರೆ ಹೊಸ ಬೋರ್ಡ್ ಬೇಕು, ಹೊಸ ಡಿಡಿಆರ್5 ರ‍್ಯಾಮ್ ಬೇಕು. 2022ರಲ್ಲಿ ಬಂದ ಎಎಂಡಿಯ ಎಎಂ5 ಬೋರ್ಡ್‌ಗಳಲ್ಲಿ ಡಿಡಿಆರ್4 ಕೂರುವುದೇ ಇಲ್ಲ. ಅಂದರೆ ಪ್ರೊಸೆಸರ್ ಬೆಲೆ ಒಂದು, ಅದರ ಜೊತೆ ಬರುವ ಮೆರವಣಿಗೆಯ ಬೆಲೆ ಇನ್ನೊಂದು. ನಿಮ್ಮ ಹಳೇ ಕಂಪ್ಯೂಟರ್‌ನಲ್ಲಿರುವ ಡಿಡಿಆರ್4 ರ‍್ಯಾಮ್ ಈಗ ಕಸ ಅಲ್ಲ, ಆಸ್ತಿ. ಅದನ್ನು ಉಳಿಸಿಕೊಳ್ಳುವ ದಾರಿಯೇ ನಮಗೆ ಸರಿಯಾದ ದಾರಿ.

ವಿಂಡೋಸ್ ಕಡೆಯಿಂದಲೂ ಒತ್ತಡ ಇದೆ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಒಂದು ವರ್ಷ ಹೆಚ್ಚುವರಿ ಭದ್ರತಾ ಅಪ್‌ಡೇಟ್, 2026ರ ಅಕ್ಟೋಬರ್ 13ರವರೆಗೆ ಅಂತ ಕೊಟ್ಟರು. ವಿಂಡೋಸ್ 11ರ ಪಟ್ಟಿಯಲ್ಲಿ ಇಂಟೆಲ್‌ನ 8ನೇ ಜನರೇಷನ್‌ಗಿಂತ ಹಿಂದಿನ ಬಹುತೇಕ ಪ್ರೊಸೆಸರ್‌ಗಳಿಗೆ ಜಾಗ ಇಲ್ಲ, ರೈಜೆನ್ 1000 ಸರಣಿಗೂ ಇಲ್ಲ. ಕಂಪ್ಯೂಟರ್ ನಾಳೆಯೇ ನಿಂತುಹೋಗುತ್ತದೆ ಅಂತಲ್ಲ. ಆದರೆ ಅದೇ ಯಂತ್ರದಲ್ಲಿ ಬ್ಯಾಂಕ್ ಕೆಲಸ, ಅರ್ಜಿ ಕೆಲಸ ಮಾಡುವ ಮನೆಯವರು ಇದನ್ನು ಲೆಕ್ಕಕ್ಕೆ ತಗೊಳ್ಳಲೇಬೇಕು.

ಮೂರು ಮನೆ, ಮೂರು ಉತ್ತರ

ಮೊದಲನೆಯದು ಅದೃಷ್ಟವಂತರ ಮನೆ. 2017ರಲ್ಲಿ ರೈಜೆನ್ 5 1600 ಹಾಕಿಸಿಕೊಂಡವರು ಇವರು. ಎಎಂ4 ಸಾಕೆಟ್ ಬಹಳ ಬಾಳಿತು. 2022ರಲ್ಲಿ ಬಂದ ರೈಜೆನ್ 5 5600 ಕೂಡ ಬಯೋಸ್ ಅಪ್‌ಡೇಟ್ ಮಾಡಿದರೆ ಅನೇಕ ಬಿ350 ಬೋರ್ಡ್‌ಗಳಲ್ಲಿ ಕೂರುತ್ತದೆ. ಎರಡರಲ್ಲೂ 6 ಕೋರ್, 12 ಥ್ರೆಡ್. ಆದರೆ ಹೊಸದರ ಒಂದೊಂದು ಕೋರ್ ಬಹಳ ಚುರುಕು. ಎರಡೂ 65 ವ್ಯಾಟ್‌ನವು, ಎಸ್‌ಎಂಪಿಎಸ್ ಬದಲಿಸಬೇಕಿಲ್ಲ. ರ‍್ಯಾಮ್ ಅದೇ, ಬೋರ್ಡ್ ಅದೇ, ವಿಂಡೋಸ್ 11 ಕೂಡ ಒಪ್ಪುತ್ತದೆ. ಇವರು ಇನ್ನೇನಕ್ಕೆ ಕಾಯಬೇಕು ಅಂತ ನನಗೆ ತಿಳಿಯದು. ಹಳೇ ಸಾಕೆಟ್‌ನ ಪ್ರೊಸೆಸರ್‌ಗಳು ಅಂಗಡಿಯಲ್ಲಿ ಎಂದೆಂದಿಗೂ ಇರೋದಿಲ್ಲ.

ಒಂದು ಎಚ್ಚರ: ಹಳೇ ಪ್ರೊಸೆಸರ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ, ಆಮೇಲೆ ಬಿಚ್ಚಿ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡ್ ಸತ್ತಂತೆ. ಯುಪಿಎಸ್ ಇಲ್ಲದವರು ಪಟ್ಟಣದ ಅಂಗಡಿಯಲ್ಲೇ ಮಾಡಿಸಿ. ನಿಮ್ಮ ಬೋರ್ಡ್‌ನ ಮಾಡೆಲ್ ಹೆಸರು ಹಾಕಿ, ಕಂಪನಿಯ ವೆಬ್‌ಸೈಟ್‌ನಲ್ಲಿ ಯಾವ ಪ್ರೊಸೆಸರ್ ಒಪ್ಪುತ್ತದೆ ಅನ್ನುವ ಪಟ್ಟಿಯನ್ನೂ ನೋಡಿಕೊಳ್ಳಿ. ಅಂಗಡಿಯವರ ‘ಕೂರುತ್ತೆ ಬಿಡಿ ಸಾರ್’ ಅನ್ನುವ ಮಾತು ಸಾಲದು.

ಎರಡನೆಯದು ಇಂಟೆಲ್ 6 ಅಥವಾ 7ನೇ ಜನರೇಷನ್‌ನ ಮನೆ. ಐ5-7400 ಇದ್ದವರು ಅದೇ ಬೋರ್ಡ್‌ನಲ್ಲಿ ಹೆಚ್ಚೆಂದರೆ ಐ7-7700 ತನಕ ಹೋಗಬಹುದು. ಅದರಲ್ಲೂ ನಾಲ್ಕೇ ಕೋರ್, ವಿಂಡೋಸ್ 11ರ ಪಟ್ಟಿಯಲ್ಲೂ ಇಲ್ಲ. ಆ ದಾರಿಗೆ ದೊಡ್ಡ ದುಡ್ಡು ಬೇಡ. 8ನೇ ಜನರೇಷನ್ ಹಾಕೋಣ ಅಂದರೆ ಸಾಕೆಟ್ ನೋಡಲು ಒಂದೇ, ಬೋರ್ಡ್ ಬೇರೆಯೇ ಬೇಕು. ಇವರು ಆಡುವ ಗೇಮ್ ಓಡುವಷ್ಟು ದಿನ ಓಡಿಸಲಿ. ನಿಜಕ್ಕೂ ಸಾಕಾದಾಗ, ಡಿಡಿಆರ್4 ಒಪ್ಪುವ ಬೋರ್ಡ್ ಜೊತೆ ಐ5-12400ಎಫ್ ಅಥವಾ ರೈಜೆನ್ 5 5600 ತಗೊಂಡರೆ ಹಳೇ ರ‍್ಯಾಮ್ ಉಳಿಯುತ್ತದೆ. ಈ ಎರಡರಲ್ಲೂ ಒಳಗಿನ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇರಲೇಬೇಕು ಅನ್ನೋದು ನೆನಪಿರಲಿ.

ಮೂರನೆಯದು ಡಿಡಿಆರ್3 ಕಾಲದ ಮನೆ, ಅಂದರೆ ಇಂಟೆಲ್‌ನ 4ನೇ ಜನರೇಷನ್ ಮತ್ತು ಅದಕ್ಕಿಂತ ಹಳೆಯದು. ಇಲ್ಲಿ ಪ್ರೊಸೆಸರ್ ಬದಲಿಸುವುದು ಅಂದರೆ ಬೋರ್ಡ್, ರ‍್ಯಾಮ್ ಎಲ್ಲಾ ಬದಲಿಸುವುದು. ತೇಪೆ ಹಾಕಬೇಡಿ. ಎಸ್‌ಎಸ್‌ಡಿ ಹಾಕಿ, ಹಗುರ ಗೇಮ್ ಆಡುತ್ತಾ ದುಡ್ಡು ಕೂಡಿಡಿ.

ಗೇಮ್ ಬರುವ ಮೊದಲೇ ಕೊಳ್ಳಬೇಡಿ

ಹುಡುಗರು ಅವಸರ ಮಾಡುವುದಕ್ಕೆ ದೊಡ್ಡ ಕಾರಣ ಜಿಟಿಎ 6. ಆದರೆ ರಾಕ್‌ಸ್ಟಾರ್ ಕಂಪನಿ ದಿನಾಂಕವನ್ನು ಎರಡು ಸಲ ಮುಂದೂಡಿ, 2025ರ ನವೆಂಬರ್‌ನಲ್ಲಿ ಕೊಟ್ಟ ಹೊಸ ದಿನ 2026ರ ನವೆಂಬರ್ 19. ಅದೂ ಪ್ಲೇಸ್ಟೇಷನ್ 5 ಮತ್ತು ಹೊಸ ಎಕ್ಸ್‌ಬಾಕ್ಸ್‌ಗೆ. ಆ ಘೋಷಣೆಯಲ್ಲಿ ಕಂಪ್ಯೂಟರ್‌ನ ಮಾತೇ ಇರಲಿಲ್ಲ. ಹಿಂದಿನ ಜಿಟಿಎ 5 ಕನ್ಸೋಲ್‌ಗೆ 2013ರಲ್ಲಿ ಬಂದರೆ ಕಂಪ್ಯೂಟರ್‌ಗೆ ಬಂದದ್ದು 2015ರಲ್ಲಿ. ಕಂಪ್ಯೂಟರ್‌ಗೆ ಯಾವಾಗ ಅಂತಲೇ ಹೇಳದ ಗೇಮ್‌ಗಾಗಿ ಈಗ ಸಿಸ್ಟಮ್ ಕೊಳ್ಳೋದು, ಮಳೆ ಬರುವ ಮೊದಲೇ ಪೈರು ನಾಟಿ ಮಾಡಿದಂತೆ. ಇವತ್ತು ಆಡುವ ಗೇಮ್ ನೋಡಿ ನಿರ್ಧರಿಸಿ.

ಸೆಕೆಂಡ್ ಹ್ಯಾಂಡ್ ಬಗ್ಗೆ ಭಯ ಅನೇಕರಿಗೆ. ಕಂಪ್ಯೂಟರ್ ಪಾರ್ಟ್‌ಗಳಲ್ಲಿ ಹಳೇದನ್ನು ಧೈರ್ಯವಾಗಿ ತಗೊಳ್ಳಬಹುದಾದದ್ದು ಪ್ರೊಸೆಸರೇ. ಅದರಲ್ಲಿ ತಿರುಗುವ, ಸವೆಯುವ ಭಾಗ ಇಲ್ಲ. ಎಎಂ4 ಪ್ರೊಸೆಸರ್ ಆದರೆ ಅಡಿಯ ಪಿನ್ ಬಾಗಿದೆಯಾ ನೋಡಿ, ಎದುರಿಗೇ ಓಡಿಸಿ ತೋರಿಸಲು ಹೇಳಿ. ಇಂಟೆಲ್ 13 ಮತ್ತು 14ನೇ ಜನರೇಷನ್‌ನ ಜೋರಿನ ಪ್ರೊಸೆಸರ್‌ಗಳ ವಿಷಯದಲ್ಲಿ ಮಾತ್ರ ಹುಷಾರು. ಹೆಚ್ಚು ವೋಲ್ಟೇಜ್‌ನಿಂದ ಅವು ಹಾಳಾಗುತ್ತಿದ್ದುದನ್ನು ಇಂಟೆಲ್ 2024ರಲ್ಲಿ ಒಪ್ಪಿ, ಸರಿಪಡಿಸುವ ಅಪ್‌ಡೇಟ್ ಬಿಟ್ಟು, ವಾರಂಟಿಯನ್ನು 2 ವರ್ಷ ಹೆಚ್ಚಿಸಿತು. ಆದರೆ ಆಗಲೇ ಪೆಟ್ಟು ತಿಂದ ಚಿಪ್ ಅಪ್‌ಡೇಟ್‌ನಿಂದ ಸರಿಹೋಗೋದಿಲ್ಲ.

ಕೊನೆಯದಾಗಿ ದುಡ್ಡಿನ ಮಾತು. ಇಎಂಐ ಮೇಲೆ ಪ್ರೊಸೆಸರ್ ತಗೊಳ್ಳಬೇಡಿ. ಆ ಕಂಪ್ಯೂಟರಿನಿಂದ ಎಡಿಟಿಂಗ್ ಮಾಡಿಯೋ, ಡಿಸೈನ್ ಮಾಡಿಯೋ ನಾಲ್ಕು ಕಾಸು ಬರುತ್ತಿದ್ದರೆ ಅದು ಬೇರೆ ಲೆಕ್ಕ. ಬರೀ ಆಟಕ್ಕಾದರೆ ಕೈಯಲ್ಲಿರುವ ದುಡ್ಡಿನಷ್ಟೇ ಸಾಕು. ಮನೆಯಲ್ಲಿ ಕೇಳುವಾಗಲೂ ‘ಹೊಸ ಕಂಪ್ಯೂಟರ್ ಬೇಕು’ ಅನ್ನುವ ಬದಲು ‘ಇದೊಂದು ಪಾರ್ಟ್ ಬದಲಿಸಿದರೆ ಇನ್ನೂ ಕೆಲವು ವರ್ಷ ತಳ್ಳಬಹುದು’ ಅಂತ ಲೆಕ್ಕ ಸಮೇತ ಹೇಳಿ. ಪಂಪ್‌ಸೆಟ್ ಮೋಟರ್ ರೀವೈಂಡ್ ಮಾಡಿಸಿ ಓಡಿಸುವ ಅಪ್ಪನಿಗೆ ಆ ಭಾಷೆ ಬೇಗ ಅರ್ಥವಾಗುತ್ತದೆ.