ಕಡಲಾಮೆಯ ಕಾವಲಿಗೆ ಹೊರಟ ಮಕ್ಕಳು

ಪರದೇಶಕ್ಕೆ ಹೋಗುವುದೆಂದರೆ ದುಡಿದು ಹಣ ಕಳುಹಿಸುವುದು ಎಂಬ ತಿಳಿವಳಿಕೆ ನಮ್ಮ ಕುಟುಂಬಗಳಲ್ಲಿ ತಲೆಮಾರುಗಳಿಂದ ನೆಲೆಯೂರಿದೆ. ಅಜ್ಜಂದಿರು ಮುಂಬಯಿಗೆ ಹೋದರು. ತಂದೆಯಂದಿರು ಕೊಲ್ಲಿ ರಾಷ್ಟ್ರಗಳಿಗೆ ಹೋದರು. ಅವರ ಬೆವರಿನಿಂದ ಮನೆಗಳಿಗೆ ಹಂಚು ಹೋಗಿ ತಾರಸಿ ಬಂತು, ತಂಗಿಯರ ಮದುವೆಗಳಾದವು, ಮಕ್ಕಳು ಪದವೀಧರರಾದರು. ಈಗ ಅದೇ ಮನೆಯ ಮಗನೋ ಮಗಳೋ ಎದುರು ಕುಳಿತು, “ಎರಡು ತಿಂಗಳು ಕೋಸ್ಟರಿಕಾಕ್ಕೆ ಹೋಗಿ ಕಡಲಾಮೆಗಳನ್ನು ಕಾಯುತ್ತೇನೆ, ಸಂಬಳವಿಲ್ಲ, ಊಟವಸತಿಗೆ ನಾವೇ ಹಣ ಕಟ್ಟಬೇಕು” ಎಂದರೆ ಹೆತ್ತವರು ದಿಗ್ಭ್ರಾಂತರಾಗುವುದು ಸಹಜ. ದುಡ್ಡು ಕೊಟ್ಟು ಕೂಲಿ ಮಾಡುವುದುಂಟೇ ಎಂಬ ಪ್ರಶ್ನೆಯನ್ನು ಗೇಲಿಯೆಂದು ತಳ್ಳಿಹಾಕುವಂತಿಲ್ಲ. ಅದಕ್ಕೆ ಸಾವಧಾನದಿಂದ ಉತ್ತರ ಹುಡುಕುವುದು ಅಗತ್ಯ.

ಕೋಸ್ಟರಿಕಾ ಮಧ್ಯ ಅಮೆರಿಕದ ಒಂದು ಪುಟ್ಟ ದೇಶ. 1949ರ ಸಂವಿಧಾನದ ಮೂಲಕ ಸೈನ್ಯವನ್ನೇ ಇಲ್ಲವಾಗಿಸಿಕೊಂಡ ನಾಡು. ಕಥೋಲಿಕ ಧರ್ಮವನ್ನು ರಾಜ್ಯಧರ್ಮವೆಂದು ಅಂಗೀಕರಿಸಿದ ನಾಡೂ ಹೌದು. ಅದರ ಕೆರಿಬಿಯನ್ ಕರಾವಳಿಯಲ್ಲಿ ತೊರ್ತುಗೆರೊ ಎಂಬ ಹಳ್ಳಿಯಿದೆ. ಅಲ್ಲಿಗೆ ರಸ್ತೆಯಿಲ್ಲ, ದೋಣಿಯಲ್ಲೋ ಸಣ್ಣ ವಿಮಾನದಲ್ಲೋ ತಲುಪಬೇಕು. ಅದರ ಸುಮಾರು 35 ಕಿಲೋಮೀಟರ್ ಉದ್ದದ ಮರಳದಂಡೆಯು ಪಶ್ಚಿಮ ಗೋಳಾರ್ಧದಲ್ಲಿ ಹಸಿರು ಕಡಲಾಮೆಗಳು ಮೊಟ್ಟೆಯಿಡುವ ಅತಿ ದೊಡ್ಡ ತಾಣ. ಒಂದು ಕಾಲದಲ್ಲಿ ಇದೇ ದಂಡೆಯಲ್ಲಿ ಮೊಟ್ಟೆಯಿಡಲು ಬಂದ ತಾಯಿ ಆಮೆಗಳನ್ನು ಬೆನ್ನಡಿಯಾಗಿ ಮಗುಚಿಹಾಕಿ, ಜೀವಂತವಾಗಿಯೇ ಹಡಗಿಗೇರಿಸಿ ಮಾರಲಾಗುತ್ತಿತ್ತು. ಲಂಡನ್ನಿನ ಔತಣಕೂಟಗಳಲ್ಲಿ ಪ್ರತಿಷ್ಠೆಯ ಭಕ್ಷ್ಯವೆನಿಸಿದ್ದ ಆಮೆಸಾರಿಗೆ ಬಲಿಯಾದದ್ದೂ ಕೆರಿಬಿಯನ್ ಸಮುದ್ರದ ಇದೇ ಹಸಿರು ಆಮೆಯ ಸಂತತಿಯೇ.

ಈ ದುರಂತವನ್ನು ಲೋಕಕ್ಕೆ ತಿಳಿಯಪಡಿಸಿದವರು ಅಮೆರಿಕದ ಪ್ರಾಣಿಶಾಸ್ತ್ರಜ್ಞ ಆರ್ಚಿ ಕಾರ್. 1955ರಲ್ಲಿ ಅವರು ತೊರ್ತುಗೆರೊದಲ್ಲಿ ಆಮೆಗಳಿಗೆ ಲೋಹದ ಗುರುತುಬಿಲ್ಲೆ ತೊಡಿಸುವ ಕಾರ್ಯವನ್ನು ಆರಂಭಿಸಿದರು. 1956ರಲ್ಲಿ ಪ್ರಕಟವಾದ ಅವರ ಪುಸ್ತಕವನ್ನು ಓದಿ ಮನಕರಗಿದ ಕೆಲವರು ಸೇರಿದ್ದರಿಂದ 1959ರಲ್ಲಿ ಒಂದು ಸಂರಕ್ಷಣಾ ಸಂಸ್ಥೆ ಹುಟ್ಟಿತು. 1975ರಲ್ಲಿ ಆ ದಂಡೆಯ ರಾಷ್ಟ್ರೀಯ ಉದ್ಯಾನಕ್ಕೆ ಶಾಸನದ ಬಲ ದೊರೆಯಿತು. ಅಂದು ಮೊದಲಾದ ಎಣಿಕೆ ಇಂದಿಗೂ ನಡೆಯುತ್ತಿದೆ. ಅದಕ್ಕಾಗಿ ಹಲವು ದೇಶಗಳ ಯುವಜನರು ಅಲ್ಲಿನ ಕೇಂದ್ರದಲ್ಲಿ ವಾಸವಿದ್ದು ದುಡಿಯುತ್ತಾರೆ.

ದುಡಿಮೆಯ ಸ್ವರೂಪವೆಂತಹುದು? ರಾತ್ರಿ ಎಂಟರಿಂದ ಹನ್ನೆರಡು, ಹನ್ನೆರಡರಿಂದ ನಾಲ್ಕು ಎಂದು ಪಾಳಿ ಹಂಚಿಕೊಂಡು ಕತ್ತಲಲ್ಲಿ ದಂಡೆಯುದ್ದಕ್ಕೂ ನಡೆಯಬೇಕು. ಬಿಳಿ ಬೆಳಕು ಆಮೆಗಳನ್ನು ಬೆದರಿಸುವುದರಿಂದ ಕೆಂಪು ದೀಪ ಮಾತ್ರ, ಉಡುಪೂ ಕಡುಬಣ್ಣದ್ದೇ. ಆಮೆಯು ಮೊಟ್ಟೆಯಿಡತೊಡಗಿದ ಮೇಲೆ ಹಿಂದಿನಿಂದ ಸಮೀಪಿಸಿ ಮೊಟ್ಟೆಗಳನ್ನು ಎಣಿಸಬೇಕು. ಒಂದು ಗೂಡಿಗೆ ನೂರಕ್ಕೂ ಹೆಚ್ಚು ಮೊಟ್ಟೆಗಳಿರುವುದು ಸಾಮಾನ್ಯ. ಚಿಪ್ಪಿನ ಉದ್ದಗಲ ಅಳೆದು, ಮುಂಗಾಲಿನ ಬಿಲ್ಲೆಯ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಸುಮಾರು ಎರಡು ತಿಂಗಳ ಬಳಿಕ ಅದೇ ಗೂಡನ್ನು ಅಗೆದು ಎಷ್ಟು ಮರಿಗಳು ಹೊರಬಂದವು, ಎಷ್ಟು ಮೊಟ್ಟೆಗಳು ಕೊಳೆತವು ಎಂದು ಲೆಕ್ಕವಿಡಬೇಕು. ಮಳೆ, ಸೊಳ್ಳೆ, ನಿದ್ದೆಗೇಡು ಇವೆಲ್ಲ ಇದ್ದದ್ದೇ. ಎಷ್ಟೋ ರಾತ್ರಿ ಒಂದಾಮೆಯೂ ಕಾಣದೆ ಬರಿಗೈಯಲ್ಲಿ ಮರಳಬೇಕಾಗುವುದೂ ಉಂಟು.

ಈ ಲೆಕ್ಕದಿಂದ ಲಾಭವೇನೆಂದು ಕೇಳಬಹುದು. ಹಸಿರು ಆಮೆಯು ಪ್ರೌಢಾವಸ್ಥೆಗೆ ಬರಲು ಎರಡು ಮೂರು ದಶಕಗಳೇ ಬೇಕು. ಇಂದು ಉಳಿಸಿದ ಮೊಟ್ಟೆಯ ಫಲವನ್ನು ಕಾಣುವವರು ನಾಳಿನ ತಲೆಮಾರಿನವರು. ಆದುದರಿಂದ ಇಂಥ ಜೀವಿಯ ಏಳುಬೀಳುಗಳನ್ನು ಒಂದೆರಡು ವರ್ಷದ ಅಧ್ಯಯನದಿಂದ ಅರಿಯಲಾಗದು. ದಶಕಗಳ ಕಾಲ, ಪ್ರತಿ ರಾತ್ರಿ, ಯಾರಾದರೂ ನಡೆಯಲೇಬೇಕು. ಇಂತಹ ಕಾವಲಿನ ಪುಣ್ಯಫಲವೂ ಕಣ್ಣಿಗೆ ಬಿದ್ದಿದೆ. ಬಹುಕಾಲ ಅಳಿವಿನಂಚಿನ ಪಟ್ಟಿಯಲ್ಲಿದ್ದ ಹಸಿರು ಕಡಲಾಮೆಯನ್ನು ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 2025ರ ಅಕ್ಟೋಬರ್‌ನಲ್ಲಿ ಆ ವರ್ಗದಿಂದ ಹೊರತೆಗೆದು, ಜಾಗತಿಕವಾಗಿ ಅತಿ ಕಡಿಮೆ ಆತಂಕದ ವರ್ಗಕ್ಕೆ ಸೇರಿಸಿತು. ಅನೇಕ ದೇಶಗಳ ದಂಡೆಗಳಲ್ಲಿ ಅನಾಮಧೇಯರು ನಿದ್ದೆಗೆಟ್ಟ ರಾತ್ರಿಗಳ ಪಾಲೂ ಇದರಲ್ಲಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಕಥೋಲಿಕರಾದ ನಾವು ಆತ್ಮಶೋಧನೆ ಮಾಡಿಕೊಳ್ಳಬೇಕಾದ ಒಂದು ಸಂಗತಿಯೂ ಇಲ್ಲಿದೆ. ಮೆಕ್ಸಿಕೋದ ಕೆಲವು ಕರಾವಳಿ ಪ್ರದೇಶಗಳಲ್ಲಿ ತಪಸ್ಸುಕಾಲ ಮತ್ತು ಪವಿತ್ರ ವಾರದಲ್ಲಿಯೇ ಆಮೆಮಾಂಸದ ಬೇಡಿಕೆ ಏರುತ್ತಿತ್ತು. ಆಮೆ ನೀರಿನ ಜೀವಿ, ಆದುದರಿಂದ ಮೀನಿಗೆ ಸಮಾನ. ಮಾಂಸವರ್ಜನೆಯ ದಿನಗಳಲ್ಲಿ ತಿನ್ನಲಡ್ಡಿಯಿಲ್ಲ ಎಂಬ ತರ್ಕ! ಇದರಿಂದ ಬೇಸತ್ತ ಪರಿಸರ ಕಾರ್ಯಕರ್ತರು 2002ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರಿಗೇ ಮನವಿ ಸಲ್ಲಿಸಿ, ಆಮೆ ಮೀನಲ್ಲವೆಂದು ಸಾರಬೇಕೆಂದು ಬೇಡಿಕೊಂಡರು. ನಿಯಮದ ಅಕ್ಷರವನ್ನು ಪಾಲಿಸಿ ಅದರ ಆತ್ಮವನ್ನು ಕೊಲ್ಲುವ ಚಾಳಿಗೆ ಇದಕ್ಕಿಂತ ಉದಾಹರಣೆ ಬೇಕೆ? ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಈ ಭೂಮಿಯನ್ನು ನಮ್ಮೆಲ್ಲರ ಮನೆಯೆಂದು ಕರೆದದ್ದು ಬಲಿಪೀಠದಿಂದ ಓದಿ ಮುಗಿಸುವುದಕ್ಕಾಗಿ ಅಲ್ಲ. ಮನೆಯೆಂದ ಮೇಲೆ ಯಾರಾದರೂ ಕಸ ಗುಡಿಸಬೇಕು, ರಾತ್ರಿ ಎದ್ದು ಬಾಗಿಲು ನೋಡಬೇಕು.

ಹಾಗೆಂದು ಹೆತ್ತವರ ಭಯವನ್ನು ನಾವು ಅಲ್ಲಗಳೆಯುವುದಿಲ್ಲ. 2013ರ ಮೇ 31ರಂದು, ಅದೇ ಕರಾವಳಿಯ ಮೊಯೀನ್ ದಂಡೆಯಲ್ಲಿ ಆಮೆಗಳನ್ನು ಕಾಯುತ್ತಿದ್ದ ಹಾಯ್ರೊ ಮೋರಾ ಸಾಂದೊವಾಲ್ ಎಂಬ 26 ವರ್ಷದ ಸ್ಥಳೀಯ ತರುಣನನ್ನು ದುಷ್ಕರ್ಮಿಗಳು ಕೊಂದರು. ಜೊತೆಗಿದ್ದ ನಾಲ್ವರು ವಿದೇಶೀ ಸ್ವಯಂಸೇವಕಿಯರನ್ನು ಅಪಹರಿಸಲಾಯಿತು. ಅವರು ಜೀವಸಹಿತ ಪಾರಾದರು. 2016ರಲ್ಲಿ ನ್ಯಾಯಾಲಯವು ನಾಲ್ವರನ್ನು ಅಪರಾಧಿಗಳೆಂದು ಘೋಷಿಸಿತು. ಆ ತರುಣನ ಹೆಸರನ್ನು ಇಂದು ಅಲ್ಲಿನ ಒಂದು ವನ್ಯಜೀವಿಧಾಮಕ್ಕೆ ಇಡಲಾಗಿದೆ. ಹೆಸರು ಉಳಿಯಿತು ನಿಜ, ಮಗ ಮರಳಲಿಲ್ಲ. ಮೊಟ್ಟೆಗಳ ಕಳ್ಳಸಾಗಣೆಗೆ ಹೆಸರಾದ, ಬಂದರಿನ ಸಮೀಪದ ಆ ದಂಡೆಗೂ, ಉದ್ಯಾನದ ಕಾವಲಿರುವ ತೊರ್ತುಗೆರೊಗೂ ಅಂತರವಿದೆ. ಆದರೆ ಆ ಅಂತರವನ್ನು ಹೊರಡುವ ಮುನ್ನವೇ ವಿಚಾರಿಸಿ ತಿಳಿಯುವುದು ಹೆತ್ತವರ ಕರ್ತವ್ಯ. ರಾತ್ರಿ ಪಾಳಿಯಲ್ಲಿ ಜೊತೆಗಿರುವವರು ಯಾರು, ಪೊಲೀಸರ ಅಥವಾ ಉದ್ಯಾನ ರಕ್ಷಕರ ನೆರವು ಇದೆಯೇ, ಆಸ್ಪತ್ರೆ ಎಷ್ಟು ದೂರ, ವಿಮೆಯ ವ್ಯವಸ್ಥೆ ಏನು ಎಂಬ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ನೀಡದ ಸಂಸ್ಥೆಯ ಕಡೆಗೆ ಮಗಳನ್ನು ಕಳುಹಿಸದಿರುವುದೇ ಲೇಸು. ವೀಸಾ ವಿಚಾರವನ್ನು ಮಧ್ಯವರ್ತಿಯ ಮಾತಿನಿಂದಲ್ಲ, ಆ ದೇಶದ ರಾಯಭಾರ ಕಚೇರಿಯಿಂದಲೇ ಅರಿಯತಕ್ಕದ್ದು.

ಮತ್ತೊಂದು ಎಚ್ಚರವೂ ಬೇಕು. ಸೇವೆಯ ಹೆಸರಿನಲ್ಲಿ ಪ್ರವಾಸವನ್ನು ಮಾರುವ ವ್ಯಾಪಾರವೂ ಇಂದು ಬೆಳೆದಿದೆ. ಮರಿಗಳನ್ನು ಕೈಯಲ್ಲಿ ಹಿಡಿದು ಛಾಯಾಚಿತ್ರ ತೆಗೆಸಿಕೊಳ್ಳುವ ಆಮಿಷವೇ ಮುಂದಾಗಿದ್ದರೆ ಅಲ್ಲಿ ಸಂರಕ್ಷಣೆ ಹಿಂದಾಗಿದೆಯೆಂದು ತಿಳಿಯಬೇಕು. ಕಟ್ಟಿದ ಹಣದಲ್ಲಿ ಆ ಹಳ್ಳಿಯವರಿಗೆ ಸಲ್ಲುವುದೆಷ್ಟು, ಅಲ್ಲಿನ ಯುವಕರಿಗೆ ಸಂಬಳದ ಕೆಲಸವಿದೆಯೇ, ಸಂಗ್ರಹಿಸಿದ ಅಂಕಿಅಂಶಗಳು ಎಲ್ಲಿ ಪ್ರಕಟವಾಗುತ್ತವೆ ಎಂಬುದನ್ನು ಕೇಳಬೇಕು. ಸ್ಥಳೀಯರ ಪಾಲಿಲ್ಲದ ಸಂರಕ್ಷಣೆ ಬಾಳುವುದಿಲ್ಲ. ಕೋಸ್ಟರಿಕಾದ ಪೆಸಿಫಿಕ್ ತೀರದ ಒಸ್ತಿಯೊನಾಲ್ ಗ್ರಾಮವೇ ಇದಕ್ಕೆ ಸಾಕ್ಷಿ. ಅಲ್ಲಿ ಆಲಿವ್ ರಿಡ್ಲಿ ಆಮೆಗಳು ಸಾವಿರಾರು ಸಂಖ್ಯೆಯಲ್ಲಿ ಒಮ್ಮೆಲೇ ಬರುತ್ತವೆ. ಮೊದಲು ಬಂದವುಗಳ ಗೂಡನ್ನು ನಂತರ ಬಂದವು ಕೆದಕಿ ಹಾಳುಮಾಡುತ್ತವೆ. ಹೇಗೂ ನಾಶವಾಗಲಿರುವ ಆ ಮೊದಲ ಮೊಟ್ಟೆಗಳ ಒಂದು ಭಾಗವನ್ನು ಸಂಗ್ರಹಿಸಿ ಮಾರಲು ಗ್ರಾಮಸ್ಥರಿಗೆ 1987ರಿಂದ ಕಾನೂನಿನ ಅನುಮತಿಯಿದೆ. ಪ್ರತಿಯಾಗಿ ದಂಡೆಯನ್ನು ಶುಚಿಗೊಳಿಸಿ ಮರಿಗಳನ್ನು ಕಾಯುವವರೂ ಅವರೇ.

ಇದೇ ಆಲಿವ್ ರಿಡ್ಲಿ ನಮ್ಮ ಕರಾವಳಿಗೂ ಬರುತ್ತದೆ. ಕಾರವಾರ, ಹೊನ್ನಾವರ, ಕುಂದಾಪುರದ ಮರಳದಂಡೆಗಳಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಅವು ಮೊಟ್ಟೆಯಿಡುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿ ಅದಕ್ಕೆ ರಕ್ಷಣೆಯಿದೆ. ಅರಣ್ಯ ಇಲಾಖೆಯವರೂ ಮೀನುಗಾರ ಬಂಧುಗಳೂ ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ. ಹತ್ತು ಸಾವಿರ ಮೈಲಿ ದೂರದ ಆಮೆಗಾಗಿ ಕರಗುವ ಮನಸ್ಸು ಊರ ದಂಡೆಯ ಗೂಡಿನ ಬಳಿ ಒಂದು ರಾತ್ರಿಯಾದರೂ ಕುಳಿತಿದೆಯೇ? ಹೆತ್ತವರು ಮಕ್ಕಳಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು. ಇಲ್ಲಿ ಕೆಲವು ರಾತ್ರಿ ಕಾಯ್ದ ಬಳಿಕವೂ ಆಸೆ ಬತ್ತದಿದ್ದರೆ ಅದು ಚಪಲವಲ್ಲ, ಕರೆ. ಅಂಥವರನ್ನು ತಡೆಯಬಾರದು.

ಹೋದವರು ಕಲಿತು ಬರಲಿ. ಗೂಡು ಗುರುತಿಸುವ, ಲೆಕ್ಕವಿಡುವ, ಹಳ್ಳಿಯವರನ್ನು ಜೊತೆಗೂಡಿಸಿಕೊಳ್ಳುವ ವಿದ್ಯೆಯನ್ನು ಹೊತ್ತು ತರಲಿ. ನಮ್ಮ ಹಿರಿಯರು ಪರದೇಶದಿಂದ ತಂದ ಪೆಟ್ಟಿಗೆಯನ್ನು ಮನೆಮಂದಿಯೆಲ್ಲ ಸುತ್ತ ಕುಳಿತು ಬಿಚ್ಚುತ್ತಿದ್ದೆವು. ಅದರಲ್ಲಿ ಪ್ರತಿಯೊಬ್ಬರಿಗೂ ಏನಾದರೊಂದು ಇರುತ್ತಿತ್ತು. ಈ ಮಕ್ಕಳು ತರುವ ಪೆಟ್ಟಿಗೆಯಲ್ಲಿ ಊರಿಗೂ, ಊರ ಕಡಲಿಗೂ ಒಂದು ಪಾಲು ಇರಲಿ ಎಂಬುದೇ ನಮ್ಮ ಹಾರೈಕೆ.