ತೂತಲ್ಲ, ತೂಬು

2023ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ, ಸೂರ್ಯನಲ್ಲಿ ಭೂಮಿಗಿಂತ ಅನೇಕ ಪಟ್ಟು ದೊಡ್ಡದಾದ ‘ರಂಧ್ರ’ವೊಂದು ಕಾಣಿಸಿದೆಯೆಂಬ ಸುದ್ದಿ ನಮ್ಮ ಹಾಲ್ಕುರಿಕೆಗೂ ಬಂದು ಮುಟ್ಟಿತು. ಜಗಲಿಯಲ್ಲಿ ಕೊಬ್ಬರಿ ಆರಿಸುತ್ತಿದ್ದ ನನ್ನಜ್ಜಿ ಕೈಕೆಲಸ ನಿಲ್ಲಿಸಿ, “ಸೂರ್ಯಪ್ಪಂಗೇ ತೂತು ಬಿದ್ರೆ ನಮ್ ತೆಂಗಿನ ಗತಿ ಏನ್ಲಾ ಮಗಾ?” ಎಂದು ಕೇಳಿದಳು. ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು “ಅದು ವಿಜ್ಞಾನದವರ ವಿಷಯ” ಎಂದು ನುಣುಚಿಕೊಂಡೆ. ಆ ಉತ್ತರಕ್ಕಾಗಿ ಇಂದಿಗೂ ನಾಚುತ್ತೇನೆ.

ಆಮೇಲೆ ಓದಿ ತಿಳಿದದ್ದಿಷ್ಟು. ಪೂರ್ಣಗ್ರಹಣದ ಹೊತ್ತಿನಲ್ಲಿ ಸೂರ್ಯನ ಸುತ್ತ ದೇವರ ಪ್ರಭಾವಳಿಯಂತೆ ಹೊಳೆಯುವ ಹೊರ ವಾತಾವರಣಕ್ಕೆ ಕರೋನಾ ಎಂದು ಹೆಸರು. ಅಲ್ಲಿ ಸೂರ್ಯನ ಕಾಂತರೇಖೆಗಳು ಹಲವೆಡೆ ಕಮಾನಿನಂತೆ ಬಾಗಿ ಸೂರ್ಯನಿಗೇ ಮರಳುತ್ತವೆ. ಕಾದ ಅನಿಲ ಆ ಕಮಾನುಗಳಲ್ಲಿ ಸೆರೆಯಾಗಿ ಬೆಳಗುತ್ತದೆ. ಮತ್ತೆ ಕೆಲವೆಡೆ ರೇಖೆಗಳು ಹಾಗೆ ಮರಳದೆ ಬಾಹ್ಯಾಕಾಶಕ್ಕೆ ತೆರೆದುಕೊಂಡಿರುತ್ತವೆ. ಅಲ್ಲಿಂದ ಅನಿಲ ಸೆಕೆಂಡಿಗೆ 700–800 ಕಿಲೋಮೀಟರ್ ವೇಗದಲ್ಲಿ ಸೌರಮಾರುತವಾಗಿ ಹರಿದುಹೋಗುತ್ತದೆ. ಉಳಿದ ಅನಿಲ ತೆಳುವಾದುದರಿಂದ ಕ್ಷಕಿರಣದ ಚಿತ್ರಗಳಲ್ಲಿ ಆ ಜಾಗ ಕಪ್ಪಾಗಿ ಕಾಣುತ್ತದೆ. ನಾವು ನಿತ್ಯ ಕಾಣುವ ಬಿಸಿಲಿಗೆ ಇದರಿಂದ ಯಾವ ಕೊರತೆಯೂ ಇಲ್ಲ.

ಹೀಗಿರಲು ‘ರಂಧ್ರ’ ಎಂಬ ಹೆಸರೇ ತಪ್ಪುದಾರಿಗೆ ಎಳೆಯುವಂಥದೆಂದು ನನ್ನ ಅಭಿಪ್ರಾಯ. ಕೆರೆಯ ಏರಿಗೆ ತೂತು ಬಿದ್ದರೆ ಊರು ಹೆದರಬೇಕಾದುದೇ. ತೂಬು ತೆರೆದರೆ ಹೆದರುವವರಾರು? ಸೂರ್ಯನಲ್ಲಿರುವುದು ತೂಬು.

ಈ ತೂಬಿಗೂ ಕಾಲವುಂಟು. ಸೂರ್ಯನ ಕಾಂತ ಚಟುವಟಿಕೆ ಸುಮಾರು 11 ವರ್ಷಗಳಿಗೊಮ್ಮೆ ಏರಿ ಇಳಿಯುತ್ತದೆ. ಇಳಿದಾಗ ಎರಡು ಧ್ರುವಗಳಲ್ಲಿಯೂ ದೊಡ್ಡ ತೂಬುಗಳು ನೆಲೆಸಿರುತ್ತವೆ. ಏರಿದಾಗ ಸೂರ್ಯಕಲೆಗಳು ಹೆಚ್ಚಿ, ಧ್ರುವಗಳ ಕಾಂತತ್ವ ಕುಗ್ಗಿ ಅದಲುಬದಲಾಗುತ್ತದೆ. ಆಗ ಧ್ರುವದ ತೂಬುಗಳು ಮರೆಯಾಗಿ, ಸಣ್ಣವು ಸಮಭಾಜಕದ ಕಡೆಗೆ ತೋರಿಕೊಳ್ಳುತ್ತವೆ. ಅಂಥದೊಂದು ಭೂಮಿಗೆ ಎದುರಾದಾಗ ಬೀಸುವ ಮಾರುತ ಉಪಗ್ರಹಗಳಿಗೂ ರೇಡಿಯೋ ಸಂಪರ್ಕಕ್ಕೂ ತೊಡಕು ತರಬಹುದು. ತೂಬು ಮುಚ್ಚದಿದ್ದರೆ, ಸೂರ್ಯ ತಿರುಗಿದಂತೆಲ್ಲ ಸುಮಾರು 27 ದಿನಗಳಿಗೊಮ್ಮೆ ಅದೇ ಮಾರುತ ಮತ್ತೆ ಬರುತ್ತದೆ. ತೆಂಗಿಗೆ ಮಾತ್ರ ಏನೂ ಆಗದು.

ಇದನ್ನರಿಯಲು ನಾವು ದೂರ ನೋಡಬೇಕಿಲ್ಲ. ಗೌರಿಬಿದನೂರಿನ ಆಂಟೆನಾಗಳು ಕರೋನಾದ ರೇಡಿಯೋ ಅಲೆಗಳನ್ನು ಹಿಡಿಯುತ್ತವೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಹೊಸಕೋಟೆಯಲ್ಲಿ ಸಿದ್ಧಗೊಳಿಸಿದ ಕರೋನಾದರ್ಶಕವು 2023ರ ಸೆಪ್ಟೆಂಬರ್ 2ರಂದು ಆದಿತ್ಯ-ಎಲ್1 ನೌಕೆಯೊಡನೆ ಮೇಲೇರಿ, 2024ರ ಜನವರಿ 6ರಂದು ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು ಸೇರಿತು.

ಎಂದ ಮೇಲೆ ಕೊರತೆಯಿರುವುದು ವಿಜ್ಞಾನದಲ್ಲಲ್ಲ, ಮಾತಿನಲ್ಲಿ. ಮಾತು ಕಲಾ ವಿದ್ಯಾರ್ಥಿಗಳಾದ ನಮ್ಮ ಕಸುಬಲ್ಲವೆ? ಹೆಸರಿಡುವವನಿಗೆ ವಸ್ತುವಿನ ಪರಿಚಯವಿರಬೇಕು. ವಿಜ್ಞಾನದ ಕೊಠಡಿ ನಮ್ಮದಲ್ಲವೆಂದು ಹೊರಗೆ ನಿಂತರೆ, ಜನರ ಭಯಕ್ಕೆ ನಾವೂ ಪಾಲುದಾರರು. ಅಧ್ಯಾಪಕ ಮಹಾಶಯರು ವಾರಕ್ಕೊಂದು ಗಂಟೆಯಾದರೂ ಎರಡು ವಿಭಾಗದವರನ್ನೂ ಒಂದೆಡೆ ಕೂಡಿಸಬೇಕೆಂದು ನನ್ನ ಬಿನ್ನಹ.

ಅಜ್ಜಿಗೆ ತೂಬಿನ ಮಾತನ್ನು ಕೊನೆಗೂ ಹೇಳಿದೆ. “ಹಂಗಂತ ಅವತ್ತೇ ಹೇಳಬಾರ್ದಿತ್ತೇನ್ಲಾ?” ಎಂದು ಗದರಿ, ಮತ್ತೆ ಕೊಬ್ಬರಿಗೆ ಕೈಹಾಕಿದಳು.