ಅಲ್ಮೇರಾದಲ್ಲಿ ಮಲಗಿದ ವಿಮೆ

ನನ್ನ ಆಪಾಳ ಮನೆಯ ಅಲ್ಮೇರಾದಲ್ಲಿ ಒಂದು ಹಸಿರು ಫೈಲು ಇದೆ. ಮನೆಯ ಪತ್ರ, ಮಕ್ಕಳ ಅಂಕಪಟ್ಟಿ, ಗ್ಯಾಸ್ ಪುಸ್ತಕಗಳ ನಡುವೆ ಆರು ವರ್ಷಗಳಿಂದ ಒಂದು ಆರೋಗ್ಯ ವಿಮೆಯ ಪಾಲಿಸಿಯೂ ಅದರಲ್ಲಿ ಮಲಗಿತ್ತು. ಭಾವ ಪ್ರತಿವರ್ಷ ತಪ್ಪದೆ ಕಂತು ಕಟ್ಟುತ್ತಿದ್ದರು. ರಶೀದಿ ಬಂದ ಕೂಡಲೇ ಆಪಾ ಅದನ್ನು ಫೈಲಿಗೆ ಸೇರಿಸಿ, "ಇನ್ನೊಂದು ವರ್ಷ ನಿಶ್ಚಿಂತೆ" ಎನ್ನುತ್ತಿದ್ದಳು. ಆ ಪಾಲಿಸಿಯ ಒಳಗೆ ಏನು ಬರೆದಿದೆ ಎಂದು ಅವಳೂ ಓದಿರಲಿಲ್ಲ, ಭಾವನೂ ಓದಿರಲಿಲ್ಲ. ಬಿ.ಎ. ಮಾಡಿ, ದಿನವೂ ಮಕ್ಕಳಿಗೆ "ಓದಿ, ಓದಿ" ಎಂದು ಹೇಳುವ ನಾನೂ ಓದಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಆಪಾಳಿಗೆ ಹೊಟ್ಟೆನೋವು ಹೆಚ್ಚಾಯಿತು. ಪಿತ್ತಕೋಶದಲ್ಲಿ ಕಲ್ಲು, ಶಸ್ತ್ರಚಿಕಿತ್ಸೆ ಆಗಲೇಬೇಕು ಎಂದರು ವೈದ್ಯರು. ಪಟ್ಟಣದ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಸಾಮಾನ್ಯ ವಾರ್ಡಿನಲ್ಲಿ ಹಾಸಿಗೆಗಳ ನಡುವೆ ಒಂದು ಪರದೆಯೂ ಇರಲಿಲ್ಲ. ಅವಳ ಸಂಕೋಚ ನೋಡಿ ಭಾವ ದಿನಕ್ಕೆ 6000 ರೂಪಾಯಿ ಬಾಡಿಗೆಯ ಒಂಟಿ ಕೋಣೆ ಹಿಡಿದರು. "ವಿಮೆ ಇದೆಯಲ್ಲ, ಹೆಚ್ಚೆಂದರೆ ಕೋಣೆಯ ವ್ಯತ್ಯಾಸವನ್ನು ನಾವು ಕೊಟ್ಟರಾಯಿತು" ಎಂದರು. ನಮಗೂ ಅದು ಸರಿಯೆಂದೇ ಕಂಡಿತು.

ನಾಲ್ಕನೆಯ ದಿನ ಬಿಲ್ಲು ಬಂತು. ಒಟ್ಟು 1,40,000 ರೂಪಾಯಿ. ವಿಮಾ ಕಂಪೆನಿ ಒಪ್ಪಿದ್ದು 83,000 ಮಾತ್ರ. ಉಳಿದ 57,000ವನ್ನು ಕಟ್ಟಿದ ಮೇಲೆಯೇ ಮನೆಗೆ ಹೋಗಬಹುದು ಎಂದರು. ಭಾವನ ಮುಖದ ಬಣ್ಣ ಇಳಿಯಿತು. "ಮೂರು ಲಕ್ಷದ ವಿಮೆ ಇದೆ, ನಾವು ಅರ್ಧವನ್ನೂ ಬಳಸಿಲ್ಲ. ಮತ್ತೇಕೆ ಕಡಿತ?" ಎಂದು ಕೇಳಿದರು. ಕೌಂಟರಿನ ಹುಡುಗ ಕಂಪ್ಯೂಟರಿನಿಂದ ಕಣ್ಣೆತ್ತದೆ, "ರೂಮ್ ರೆಂಟ್ ಲಿಮಿಟ್ ಸರ್, ಪಾಲಿಸಿ ನೋಡಿ" ಎಂದ. ಸಂಜೆ ಆಪಾಳ ಎರಡು ಬಳೆಗಳು ಅಡವಿಗೆ ಹೋದವು.

ಆ ಲೆಕ್ಕವನ್ನು ನಾನು ಮನೆಗೆ ಬಂದ ಮೇಲೆ ಪಾಲಿಸಿ ಬಿಡಿಸಿಟ್ಟುಕೊಂಡು ಕಲಿತೆ. ನೀವೂ ಕಲಿತುಕೊಳ್ಳಿ, ಬಳೆ ಉಳಿದೀತು. ಪಾಲಿಸಿಯ ಪ್ರಕಾರ ಕೋಣೆಯ ಬಾಡಿಗೆಗೆ ವಿಮಾ ಮೊತ್ತದ ಶೇಕಡಾ 1, ಅಂದರೆ ದಿನಕ್ಕೆ 3000 ರೂಪಾಯಿ ಮಿತಿ. ನಾವು ಹಿಡಿದದ್ದು ಅದರ ಎರಡರಷ್ಟು. ಆದ್ದರಿಂದ ನಾಲ್ಕು ದಿನದ 24,000 ಬಾಡಿಗೆಯಲ್ಲಿ 12,000 ಕೊಟ್ಟರು. ಇಷ್ಟಾಗಿದ್ದರೆ ಭಾವ ಅಂದುಕೊಂಡಂತೆಯೇ ಆಗುತ್ತಿತ್ತು. ಆದರೆ ದೊಡ್ಡ ಕೋಣೆ ಹಿಡಿದವರಿಗೆ ಶಸ್ತ್ರವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್, ದಾದಿಯರ ಸೇವೆ ಎಲ್ಲದರ ದರವೂ ಹೆಚ್ಚು. ಹೀಗಾಗಿ ಆ 70,000ವನ್ನೂ ಅದೇ ಅನುಪಾತದಲ್ಲಿ ಅರ್ಧ ಮಾಡಿ 35,000 ಕೊಟ್ಟರು. ಔಷಧಿ ಮತ್ತು ಪರೀಕ್ಷೆಗಳ 36,000 ಪೂರ್ತಿ ಬಂತು. ಕೈಗವಸು, ಹತ್ತಿ, ಇತರ ಸಣ್ಣಪುಟ್ಟ ಸಾಮಗ್ರಿಗಳ 10,000ಕ್ಕೆ ಏನೂ ಇಲ್ಲ. ಕೂಡಿಸಿ ನೋಡಿ, 83,000.

ಔಷಧಿ, ಪರೀಕ್ಷೆ, ದೇಹದೊಳಗೆ ಅಳವಡಿಸುವ ಸಾಧನ ಮತ್ತು ತೀವ್ರ ನಿಗಾ ಘಟಕದ ವೆಚ್ಚಕ್ಕೆ ಈ ಅನುಪಾತದ ಕತ್ತರಿ ಹಾಕಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲಿ ಹೇಳಿತು. ಕೋಣೆಗೆ ತಕ್ಕಂತೆ ದರ ಬದಲಾಗದ ಆಸ್ಪತ್ರೆಯಲ್ಲಿಯೂ ಈ ಕತ್ತರಿ ಸಲ್ಲದು. ಅದಕ್ಕಿಂತ ಮೊದಲು ಇದರ ಮೇಲೂ ಕತ್ತರಿ ಬೀಳುತ್ತಿತ್ತು. ಒಂದು ಪರದೆಗಾಗಿ ಹಿಡಿದ ಕೋಣೆ ನಮ್ಮ ಬಳೆಯನ್ನು ತೆಗೆದುಕೊಂಡು ಹೋಯಿತು. ತಪ್ಪು ಯಾರದು? ಕಂಪೆನಿ ಬರೆದದ್ದನ್ನೇ ಮಾಡಿದೆ. ಸೇರಿಸಿಕೊಳ್ಳುವಾಗ "ನಿಮ್ಮ ಮಿತಿ ಮೂರು ಸಾವಿರ" ಎಂಬ ಒಂದೇ ಮಾತನ್ನು ಆಸ್ಪತ್ರೆ ಹೇಳಲಿಲ್ಲ. ಆದರೆ ಆ ಮಾತು ಆರು ವರ್ಷಗಳಿಂದ ನಮ್ಮ ಅಲ್ಮೇರಾದಲ್ಲಿಯೇ ಇತ್ತು.

ಅಂದು ಬೆಳಿಗ್ಗೆ ಹನ್ನೊಂದಕ್ಕೆ "ಡಿಸ್ಚಾರ್ಜ್" ಎಂದವರು ನಮ್ಮನ್ನು ಬಿಟ್ಟದ್ದು ರಾತ್ರಿ ಒಂಬತ್ತಕ್ಕೆ. "ಕಂಪೆನಿಯಿಂದ ಅನುಮತಿ ಬಂದಿಲ್ಲ" ಎಂಬುದೊಂದೇ ಉತ್ತರ. ನಾನು ನಂತರ ತಿಳಿದದ್ದೇನೆಂದರೆ, 2024ರ ಮೇ ತಿಂಗಳಲ್ಲಿ ಪ್ರಾಧಿಕಾರ ಇದಕ್ಕೂ ನಿಯಮ ಮಾಡಿದೆ. ನಗದುರಹಿತ ಚಿಕಿತ್ಸೆಗೆ ಕೋರಿಕೆ ಬಂದ ಒಂದು ಗಂಟೆಯೊಳಗೆ ಕಂಪೆನಿ ಉತ್ತರಿಸಬೇಕು. ಆಸ್ಪತ್ರೆಯಿಂದ ಡಿಸ್ಚಾರ್ಜ್ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ಅಂತಿಮ ಅನುಮತಿ ಕೊಡಬೇಕು. ಅದನ್ನು ಮೀರಿ ತಡವಾಗಿ ಆಸ್ಪತ್ರೆ ಹೆಚ್ಚಿನ ಹಣ ಕೇಳಿದರೆ ಅದನ್ನು ಕಂಪೆನಿಯೇ ಭರಿಸಬೇಕು. ನಾವು ಹತ್ತು ಗಂಟೆ ಬೆಂಚಿನ ಮೇಲೆ ಕುಳಿತೆವು, "ಕೋರಿಕೆ ಎಷ್ಟು ಗಂಟೆಗೆ ಕಳುಹಿಸಿದಿರಿ?" ಎಂದು ಒಮ್ಮೆಯೂ ಕೇಳಲಿಲ್ಲ. ಗೊತ್ತೇ ಇಲ್ಲದ ಹಕ್ಕನ್ನು ಕೇಳುವುದು ಹೇಗೆ?

ನನ್ನ ಅಳಲು ಇರುವುದೇ ಇಲ್ಲಿ. ಸುಧಾರಣೆಗಳು ಆಗಿಲ್ಲವೆಂದಲ್ಲ. ಮೊದಲೇ ಇದ್ದ ಕಾಯಿಲೆಗೆ ನಾಲ್ಕು ವರ್ಷದವರೆಗೆ ಕಾಯಿಸಬಹುದಿತ್ತು, 2024ರ ಏಪ್ರಿಲ್‌ನಿಂದ ಅದು ಗರಿಷ್ಠ ಮೂರು ವರ್ಷಕ್ಕೆ ಇಳಿಯಿತು. 65 ದಾಟಿದವರಿಗೆ ಹೊಸ ಪಾಲಿಸಿ ಇಲ್ಲ ಎನ್ನುವುದಕ್ಕೂ ಅದೇ ವರ್ಷ ಕೊನೆಯಾಯಿತು. ಹಿರಿಯರ ಕಂತನ್ನು ಮನಬಂದಂತೆ ಏರಿಸುವುದನ್ನು ತಡೆಯಲು, ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸುವ ಮೊದಲು ತನ್ನೊಡನೆ ಸಮಾಲೋಚಿಸಬೇಕು ಎಂದು 2025ರ ಜನವರಿಯಲ್ಲಿ ಪ್ರಾಧಿಕಾರ ಆದೇಶಿಸಿತು. ಕುಟುಂಬಗಳು ಸ್ವಂತವಾಗಿ ಕೊಳ್ಳುವ ಪಾಲಿಸಿಯ ಮೇಲಿನ ಶೇಕಡಾ 18ರ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ರದ್ದಾಯಿತು. ಆದರೆ ಇವೆಲ್ಲ ದೆಹಲಿಯಲ್ಲಿ, ಹೈದರಾಬಾದಿನಲ್ಲಿ ಆದ ಬದಲಾವಣೆಗಳು. ಬಿಲ್ ಕೌಂಟರಿನ ಮುಂದೆ ನಿಂತ ಹೆಂಗಸಿನ ಕಿವಿಗೆ ಇವು ತಲುಪುವುದೇ ಇಲ್ಲ.

ನಮ್ಮ ಪಕ್ಕದ ಮನೆಯ ಖಾಲಾರ ಕತೆ ಇನ್ನೂ ಕಹಿ. ಅವರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಪಾಲಿಸಿ ಮಾಡಿಸಲು ಬಂದ ಏಜೆಂಟ್, "ಸಕ್ಕರೆ ಇದೆ ಎಂದು ಬರೆದರೆ ಕಂತು ಜಾಸ್ತಿಯಾಗುತ್ತದೆ ಅಮ್ಮಾ, ಬೇಡ ಬಿಡಿ" ಎಂದು ತಾನೇ "ಇಲ್ಲ" ಎಂದು ಗುರುತು ಹಾಕಿದ. ಇವರು ನಂಬಿ ಸಹಿ ಹಾಕಿದರು. ಮೂರನೆಯ ವರ್ಷ ಕಾಲಿನ ಗಾಯ ಮಾಗದೆ ಆಸ್ಪತ್ರೆ ಸೇರಿದರು. "ಸಕ್ಕರೆ ಎಷ್ಟು ವರ್ಷದಿಂದ?" ಎಂದು ಕೇಳಿದ ದಾದಿಗೆ ಪ್ರಾಮಾಣಿಕವಾಗಿ ಹನ್ನೆರಡು ಎಂದರು. ಅದು ಕೇಸ್ ಷೀಟಿಗೆ ಹೋಯಿತು, ಅಲ್ಲಿಂದ ಕಂಪೆನಿಗೆ ಹೋಯಿತು, ಅರ್ಜಿ ತಿರಸ್ಕಾರವಾಯಿತು. ನಿಜ ಬರೆದಿದ್ದರೆ ಕಾಯುವ ಅವಧಿ ಮುಗಿದ ಮೇಲೆ ಸಕ್ಕರೆಯ ತೊಂದರೆಗೂ ಹಣ ಸಿಗುತ್ತಿತ್ತು. ಐದು ವರ್ಷ ಎಡೆಬಿಡದೆ ಕಂತು ಕಟ್ಟಿದ ಪಾಲಿಸಿಯನ್ನು, ವಂಚನೆ ರುಜುವಾತಾದ ಹೊರತು, ಮಾಹಿತಿ ಮುಚ್ಚಿಟ್ಟಿರಿ ಎಂಬ ಕಾರಣಕ್ಕೆ ತಿರಸ್ಕರಿಸುವಂತಿಲ್ಲ ಎಂಬ ನಿಯಮ ಇದೆ. ಆದರೆ ಕಾಯಿಲೆ ಐದು ವರ್ಷ ಕಾಯುತ್ತದೆಯೇ? ಏಜೆಂಟ್ ಹೇಳಿದ ಸುಳ್ಳಿಗೆ ಸಹಿ ನಮ್ಮದು, ನಷ್ಟವೂ ನಮ್ಮದೇ.

ಇನ್ನು ಸರಕಾರದ ಯೋಜನೆಗಳ ಮಾತು. ನಮ್ಮ ರಾಜ್ಯ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯಲ್ಲಿ ಸಹಕಾರಿ ಸಂಘದ ಸದಸ್ಯ ರೈತರು ಮೊದಲ ವರ್ಷ ಕಟ್ಟಿದ್ದು ತಲಾ 60 ರೂಪಾಯಿ. 2008ರಲ್ಲಿ ಕೇಂದ್ರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ಬಂತು, ಬಡ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿಯ ರಕ್ಷಣೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ. 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ, ಅದೇ ವರ್ಷ ಅದು ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಕೂಡಿಕೊಂಡಿತು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಉಳಿದವರಿಗೆ ನಿಗದಿತ ದರದ ಶೇಕಡಾ 30ರಷ್ಟು ನೆರವು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಕಂತು ಇಲ್ಲ, ಹಳೆಯ ಕಾಯಿಲೆ ಎಂಬ ತಕರಾರು ಇಲ್ಲ.

ಆದರೂ ಎಡವುವವರು ಎಡವುತ್ತಲೇ ಇದ್ದಾರೆ. ನನ್ನ ಬಳಿ ಓದಿದ ಹುಡುಗಿಯೊಬ್ಬಳಿಗೆ ಮದುವೆಯಾಯಿತು. ತವರಿನ ಪಡಿತರ ಚೀಟಿಯಿಂದ ಅವಳ ಹೆಸರು ತೆಗೆಸಿದರು. ಗಂಡನ ಮನೆಯ ಚೀಟಿಗೆ ಸೇರಿಸುವುದು "ನಾಳೆ ನಾಳೆ" ಎಂದು ಉಳಿಯಿತು. ಅಷ್ಟರಲ್ಲಿ ಅವಳಿಗೆ ಶಸ್ತ್ರಚಿಕಿತ್ಸೆ ಬೇಕಾಯಿತು. ಆಸ್ಪತ್ರೆಯಲ್ಲಿ ಪಡಿತರ ಚೀಟಿ ಕೇಳಿದರು. ಎರಡು ಮನೆಯ ಚೀಟಿಯಲ್ಲಿಯೂ ಅವಳಿಲ್ಲ! ಯಾವ ಮನೆಯ ಮಗಳೂ ಅಲ್ಲ, ಯಾವ ಮನೆಯ ಸೊಸೆಯೂ ಅಲ್ಲ ಎಂಬಂತಾಯಿತು ಆ ಮಗುವಿನ ಪಾಡು. ವಲೀಮಾದ ಊಟಕ್ಕೆ ಸಾವಿರ ಹೆಸರು ಬರೆಯುವ ನಾವು ಪಡಿತರ ಚೀಟಿಗೆ ಒಂದು ಹೆಸರು ಸೇರಿಸಲು ಉದಾಸೀನ ಮಾಡುತ್ತೇವೆ.

ಈ ಯೋಜನೆಯಲ್ಲಿ ಜನ ಎಡವುವ ಇನ್ನೊಂದು ಜಾಗವೂ ಇದೆ. ತುರ್ತು ಸಂದರ್ಭ ಬಿಟ್ಟರೆ, ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಲು ಮೊದಲು ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿ, ಹಣ ಕಟ್ಟಿ, ಆಮೇಲೆ ಕಾರ್ಡು ತೋರಿಸಿದರೆ ಪ್ರಯೋಜನವಿಲ್ಲ.

ವಿಮೆ ಎಂದಾಕ್ಷಣ ನಮ್ಮ ಮನೆಗಳಲ್ಲಿ ಧಾರ್ಮಿಕ ಪ್ರಶ್ನೆಯೊಂದು ಏಳುವುದು ಸಹಜ. ನಿಗದಿತ ಕಂತಿನ ವಾಣಿಜ್ಯ ವಿಮೆಯಲ್ಲಿ ಅನಿಶ್ಚಿತತೆಯ ದೋಷವಿದೆ, ಪರಸ್ಪರ ಸಹಕಾರದ ವಿಮೆಯೇ ಸರಿಯಾದ ದಾರಿ ಎಂದು ಜಿದ್ದಾದ ಫಿಕ್ಹ್ ಅಕಾಡೆಮಿ 1985ರಲ್ಲಿ ನಿರ್ಣಯಿಸಿತ್ತು. ನಮ್ಮ ದೇಶದ ಪರಿಸ್ಥಿತಿಯಲ್ಲಿ ಏನು ಮಾಡಬೇಕೆಂದು ನೀವು ನಂಬುವ ವಿದ್ವಾಂಸರನ್ನು ಕೇಳಿ. ಫತ್ವಾ ಕೊಡುವುದು ನನ್ನ ಕೆಲಸವಲ್ಲ. ಆದರೆ ಒಂದು ಮಾತು. ಕಂತೇ ಇಲ್ಲದ, ಸರಕಾರ ತನ್ನ ಬೊಕ್ಕಸದಿಂದ ಕೊಡುವ ಚಿಕಿತ್ಸೆಯನ್ನೂ "ವಿಮೆ" ಎಂಬ ಹೆಸರು ಕೇಳಿ ದೂರವಿಟ್ಟು, ನಂತರ ಬಡ್ಡಿಗೆ ಸಾಲ ತಂದು ಬಿಲ್ಲು ಕಟ್ಟುವವರನ್ನು ನಾನು ಕಂಡಿದ್ದೇನೆ. ಇದು ಎಂಥ ಎಚ್ಚರಿಕೆ?

ಹಾಗೆಂದು ಕಾರ್ಡು, ಪಾಲಿಸಿ ಎಲ್ಲ ಸರಿಯಿದ್ದರೆ ಚಿಂತೆಯಿಲ್ಲವೆಂದು ಹೇಳಲಾರೆ. ಮನೆಯನ್ನು ಸದ್ದಿಲ್ಲದೆ ಸವೆಸುವುದು ಶಸ್ತ್ರಚಿಕಿತ್ಸೆಯಲ್ಲ, ತಿಂಗಳು ತಿಂಗಳು ಕೊಳ್ಳುವ ಬಿ.ಪಿ. ಮಾತ್ರೆ, ಥೈರಾಯ್ಡ್ ಮಾತ್ರೆ, ರಕ್ತ ಪರೀಕ್ಷೆ. ಆಸ್ಪತ್ರೆಯಲ್ಲಿ ದಾಖಲಾಗದ ಹೊರತು ಹೆಚ್ಚಿನ ವಿಮೆಗಳು ಇದಕ್ಕೆ ಹಣ ಕೊಡುವುದಿಲ್ಲ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇಕಡಾ 64.2 ಇದ್ದದ್ದು 2021-22ಕ್ಕೆ 39.4ಕ್ಕೆ ಇಳಿದಿದೆ ಎನ್ನುತ್ತದೆ ಸರಕಾರದ ಲೆಕ್ಕ. ಇಳಿದದ್ದು ಒಳ್ಳೆಯದೇ. ಆದರೂ ನೂರರಲ್ಲಿ ಸುಮಾರು ನಲವತ್ತು ರೂಪಾಯಿ ಈಗಲೂ ನಮ್ಮ ಕೈಯಿಂದಲೇ ಹೋಗುತ್ತಿದೆ. ಆ ನಲವತ್ತನ್ನು ಉಳಿಸಲು ಮನೆಯಲ್ಲಿ ಮೊದಲು ಮಾತ್ರೆ ನಿಲ್ಲಿಸುವವರು ಯಾರು ಗೊತ್ತೇ? ತಾಯಂದಿರು. "ಈ ತಿಂಗಳು ಫೀಸು ಕಟ್ಟಬೇಕು, ನನ್ನ ಮಾತ್ರೆ ಮುಂದಿನ ತಿಂಗಳು" ಎನ್ನುವವರು ನಾವೇ ಅಲ್ಲವೇ? ಇದಕ್ಕೆ ಯಾವ ಪಾಲಿಸಿಯೂ ಉತ್ತರವಲ್ಲ. ಹತ್ತಿರದ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ತಪ್ಪದೆ ಸಿಗಬೇಕು, ಸಿಗದಿದ್ದರೆ ನಾವು ಕೇಳಬೇಕು.

ಸಹೋದರಿಯರೇ, ಈ ತಿಂಗಳು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ನಿಮ್ಮ ಅಲ್ಮೇರಾದ ಫೈಲನ್ನು ಹೊರತೆಗೆಯಿರಿ. ಪಡಿತರ ಚೀಟಿಯಲ್ಲಿ ಮನೆಯ ಪ್ರತಿಯೊಬ್ಬರ ಹೆಸರು ಇದೆಯೇ, ಹೆಸರಿನ ಅಕ್ಷರ ಆಧಾರಿಗೆ ಹೊಂದುತ್ತದೆಯೇ ನೋಡಿ. ಖಾಸಗಿ ಪಾಲಿಸಿ ಇದ್ದರೆ ನಾಲ್ಕು ವಿಷಯಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಕೋಣೆಯ ಮಿತಿ ಎಷ್ಟು, ಯಾವ ಕಾಯಿಲೆಗೆ ಎಷ್ಟು ವರ್ಷ ಕಾಯಬೇಕು, ಹೆರಿಗೆಗೆ ಸಿಗುತ್ತದೆಯೇ, ಬಿಲ್ಲಿನಲ್ಲಿ ನಮ್ಮ ಪಾಲು ಎಷ್ಟು. ಇಂಗ್ಲಿಷಿನ ದಪ್ಪ ಪುಸ್ತಕ ಓದಲಾಗದೆಂದು ಅಂಜಬೇಡಿ. 2024ರ ಜನವರಿಯಿಂದ ಪಾಲಿಸಿಯ ಮುಖ್ಯ ವಿಷಯಗಳ ಮಾಹಿತಿ ಪತ್ರವನ್ನು ಕಂಪೆನಿ ಕೊಡಬೇಕು, ಕೇಳಿದರೆ ಕನ್ನಡದಲ್ಲಿಯೂ ಕೊಡಬೇಕು. ಹೊಸ ಪಾಲಿಸಿ ಹಿಡಿಸದಿದ್ದರೆ 30 ದಿನದೊಳಗೆ ಹಿಂದಿರುಗಿಸಬಹುದು.

ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ, ಮೊದಲು ಕಂಪೆನಿಗೆ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ಬರೆಯಿರಿ. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ಪ್ರಕರಣವನ್ನು ಅವರು ತೀರ್ಮಾನಿಸಬಲ್ಲರು. ಪ್ರಾಧಿಕಾರದ 155255 ಸಂಖ್ಯೆಗೂ ಕರೆ ಮಾಡಿ ದೂರು ಹೇಳಬಹುದು.

ಆಪಾಳ ಬಳೆಗಳು ಎಂಟು ತಿಂಗಳ ಮೇಲೆ ಮರಳಿ ಬಂದವು. ಅಡವಿಟ್ಟಾಗ ಕೊಟ್ಟ ಚೀಟಿಯನ್ನು ಅವಳು ಹರಿಯಲಿಲ್ಲ, ಅದೇ ಹಸಿರು ಫೈಲಿನಲ್ಲಿ ಪಾಲಿಸಿಯ ಮೇಲೆಯೇ ಇಟ್ಟಿದ್ದಾಳೆ. ಪಾಲಿಸಿಯ ಮುಖಪುಟದ ಮೇಲೆ ಕೆಂಪು ಶಾಯಿಯಲ್ಲಿ ತನ್ನ ದುಂಡು ಅಕ್ಷರದಲ್ಲಿ ಬರೆದಿದ್ದಾಳೆ: "ರೂಮು ಮೂರು ಸಾವಿರದ ಒಳಗೆ. ಪರದೆ ಬೇಕೆಂದು ದಾದಿಯನ್ನು ಕೇಳುವುದು." ಆರು ವರ್ಷದಲ್ಲಿ ಆ ಪಾಲಿಸಿಯನ್ನು ನಮ್ಮ ಮನೆಯಲ್ಲಿ ಯಾರಾದರೂ ಓದಿದ್ದಾರೆ ಎನ್ನುವುದಕ್ಕೆ ಅದೇ ಮೊದಲ ಸಾಕ್ಷಿ.